ಥರ್ಮಲ್ ಚಿಮಣಿ ಹೊಗೆ: ದೂರು ಬರೆಯುವ ಮುಂಚೆ ಮಾಡಬೇಕಾದ ಕೆಲಸಗಳು

"ನಮ್ಮೂರಿನ ಹತ್ತಿರದ ಥರ್ಮಲ್‌ನಿಂದ ವಿಪರೀತ ಹೊಗೆ ಬರುತ್ತಿದೆ. ಮನೆ ಮೇಲೆಲ್ಲ ಬೂದಿ ಬೀಳುತ್ತಿದೆ. ದಯಮಾಡಿ ಕ್ರಮ ಕೈಗೊಳ್ಳಬೇಕು." ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗುವ ಅರ್ಜಿಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ. ಬರುವ ಹಿಂಬರಹವೂ ಸಾಮಾನ್ಯವಾಗಿ ಒಂದೇ: "ಸ್ಥಳ ಪರಿಶೀಲಿಸಲಾಗಿ, ಹೊರಸೂಸುವಿಕೆ ನಿಗದಿತ ಮಿತಿಯೊಳಗಿರುವುದು ಕಂಡುಬಂದಿದೆ." ಅಲ್ಲಿಗೆ ಫೈಲು ಕ್ಲೋಸ್.

ಅರ್ಜಿ ಬರೆದವರು ಸುಳ್ಳು ಹೇಳಿಲ್ಲ. ಹಿಂಬರಹ ಕೊಟ್ಟವರೂ ಸುಳ್ಳು ಹೇಳಿರಲೇಬೇಕು ಅಂತೇನಿಲ್ಲ. ಇನ್‌ಸ್ಪೆಕ್ಷನ್‌ಗೆ ಬಂದ ದಿನ ಎಲ್ಲ ಸರಿಯಾಗಿಯೇ ಇದ್ದಿರಬಹುದು. ಸ್ಥಾವರದ ಯಾವ ಉತ್ಪಾದನಾ ಘಟಕ (ಯೂನಿಟ್ 1, ಯೂನಿಟ್ 2 ಅಂತಾರಲ್ಲ, ಅದು), ಯಾವ ದಿನ, ಯಾವ ಮಿತಿ ಅಂತ ಅರ್ಜಿಯಲ್ಲೇ ಇಲ್ಲದಿದ್ದರೆ ಅಧಿಕಾರಿ ಅದಕ್ಕೆ ಬೇರೆ ಏನು ಉತ್ತರ ಕೊಡಬಲ್ಲರು? ಈ ಮೂರನ್ನು ಹುಡುಕಿ ಕಾಗದದ ಮೇಲೆ ಇಡುವುದು ಹೇಗೆ ಅನ್ನುವುದೇ ಈ ಲೇಖನ.

ಥರ್ಮಲ್ ಅಂದರೆ ಕಲ್ಲಿದ್ದಲು ಸುಟ್ಟು ಕರೆಂಟ್ ತಯಾರಿಸುವ ಸ್ಥಾವರ. ಕರ್ನಾಟಕದಲ್ಲಿ ಇದು ಯಾರಿಗೆಲ್ಲ ಬೇಕಾಗಬಹುದು? ರಾಯಚೂರಿನ ಶಕ್ತಿನಗರದ ಆರ್‌ಟಿಪಿಎಸ್ (1,720 ಮೆಗಾವ್ಯಾಟ್), ಅಲ್ಲೇ ಪಕ್ಕದ ಯರಮರಸ್ (1,600), ಬಳ್ಳಾರಿ ಹತ್ತಿರ ಕುಡತಿನಿಯ ಬಿಟಿಪಿಎಸ್ (1,700), ವಿಜಯಪುರ ಜಿಲ್ಲೆಯ ಕೂಡಗಿ ಎನ್‌ಟಿಪಿಸಿ (2,400), ಉಡುಪಿಯ ಎಲ್ಲೂರಿನ ಸ್ಥಾವರ (1,200). ಇವುಗಳ ಸುತ್ತ ಇರುವವರಿಗೆ ನೇರವಾಗಿ ಬೇಕು. ಬೇರೆ ರಾಜ್ಯದಲ್ಲಿ ಇದ್ದರೂ ಕಾನೂನು ಅದೇ. ಮಂಡಳಿಯ ಹೆಸರು ಮಾತ್ರ ಬೇರೆ.

1. ಕಾಣುತ್ತಿರುವುದು ಏನು ಅಂತ ಮೊದಲು ಗುರುತಿಸಿ

ಸ್ಥಾವರದಲ್ಲಿ ಎರಡು ಥರದ ಎತ್ತರದ ಕಟ್ಟಡಗಳಿರುತ್ತವೆ. ತೆಳ್ಳಗೆ ಉದ್ದಕ್ಕೆ ನಿಂತಿರುವುದು ಚಿಮಣಿ. ಗಿಡ್ಡಗೆ, ಅಗಲವಾಗಿ ಇರುವುದು ಕೂಲಿಂಗ್ ಟವರ್. ಕೂಲಿಂಗ್ ಟವರ್ ಮೇಲೆ ಏಳುವ ಬೆಳ್ಳನೆ ಮೋಡ ನೀರಿನ ಆವಿ. ಅದರ ಫೋಟೋ ತೆಗೆದು "ವಿಷಗಾಳಿ" ಅಂತ ದೂರು ಕೊಟ್ಟರೆ ನಿಮ್ಮ ಇಡೀ ಅರ್ಜಿಯನ್ನೇ ತಳ್ಳಿಹಾಕಲು ಅದೊಂದೇ ಸಾಕು. ಉಡುಪಿ ಮಾತ್ರ ಸ್ವಲ್ಪ ಬೇರೆ. ಅಲ್ಲಿ ತಂಪು ಮಾಡಲು ಸಮುದ್ರದ ನೀರು ಬಳಸುವುದರಿಂದ ಟವರ್‌ನಿಂದ ಹಾರುವ ಹನಿಯಲ್ಲಿ ಉಪ್ಪು ಇರುತ್ತದೆ. ಮಲ್ಲಿಗೆ, ತೆಂಗು ಬೆಳೆದವರ ದೂರಿನಲ್ಲಿ ಬೂದಿಯ ಜೊತೆ ಈ ಉಪ್ಪೂ ಇತ್ತು.

ಚಿಮಣಿಯಿಂದ ಕಪ್ಪು ಹೊಗೆ ಬಂದರೆ ಗಡಿಯಾರ ನೋಡಿಕೊಳ್ಳಿ. ನಿಂತಿದ್ದ ಘಟಕವನ್ನು ಮತ್ತೆ ಶುರು ಮಾಡುವಾಗ ಮೊದಲು ಎಣ್ಣೆ ಉರಿಸುತ್ತಾರೆ. ಆಗ ಸ್ವಲ್ಪ ಹೊತ್ತು ಕಪ್ಪು ಹೊಗೆ ಸಹಜ. ಘಟಕ ಒಂದೇ ಸಮ ಓಡುತ್ತಿರುವಾಗ ಗಂಟೆಗಟ್ಟಲೆ ಬೂದು ಬಣ್ಣದ ದಟ್ಟ ಹೊಗೆ ಬರುತ್ತಿದ್ದರೆ ಧೂಳು ಹಿಡಿಯುವ ಯಂತ್ರದಲ್ಲಿ ಏನೋ ಕೆಟ್ಟಿದೆ ಅಂತ ಅನುಮಾನಿಸಬಹುದು.

ಆ ಯಂತ್ರದ ಹೆಸರು ಇಎಸ್‌ಪಿ. ಅದನ್ನು ಸ್ವಲ್ಪ ಅರ್ಥ ಮಾಡಿಕೊಂಡರೆ ಮುಂದಿನದ್ದೆಲ್ಲ ಸುಲಭ. ಸಾಲುಸಾಲು ಉಕ್ಕಿನ ತಗಡುಗಳು, ನಡುವೆ ತಂತಿಗಳು. ತಂತಿಗೆ ಹತ್ತಾರು ಸಾವಿರ ವೋಲ್ಟ್ ಕೊಟ್ಟಾಗ ಹೊಗೆಯಲ್ಲಿರುವ ಬೂದಿಯ ಕಣಗಳಿಗೆ ಚಾರ್ಜ್ ಬಂದು ತಗಡಿಗೆ ಅಂಟಿಕೊಳ್ಳುತ್ತವೆ. ಆಗಾಗ ಸುತ್ತಿಗೆ ತಗಡಿಗೆ ಬಡಿಯುತ್ತದೆ, ಬೂದಿ ಕೆಳಗಿನ ಹಾಪರ್ ಅನ್ನುವ ತೊಟ್ಟಿಗೆ ಉದುರುತ್ತದೆ. ಹಾಪರ್ ತುಂಬಿ ಕಟ್ಟಿಕೊಂಡರೆ ಆ ಭಾಗ ಟ್ರಿಪ್ ಆಗುತ್ತದೆ. ಇಂಥ ಒಂದೊಂದು ಭಾಗಕ್ಕೂ 'ಫೀಲ್ಡ್' ಅನ್ನುತ್ತಾರೆ. ಒಂದೆರಡು ಫೀಲ್ಡ್ ಕೈಕೊಟ್ಟರೂ ಕರೆಂಟ್ ಉತ್ಪಾದನೆ ನಿಲ್ಲುವುದಿಲ್ಲ. ಅಲ್ಲೇ ಇರುವುದು ತೊಂದರೆ. ಯಂತ್ರ ಕೆಟ್ಟಿದ್ದು ಒಳಗಿನವರಿಗೆ ಆದಾಯದ ಲೆಕ್ಕದಲ್ಲಿ ಕಾಣುವುದಿಲ್ಲ, ಹೊರಗಿನವರಿಗೆ ಮಾಳಿಗೆಯ ಮೇಲೆ ಕಾಣುತ್ತದೆ.

ಎಷ್ಟು ವ್ಯತ್ಯಾಸ ಆಗುತ್ತದೆ? ಅಂದಾಜು ಲೆಕ್ಕ ಹಾಕೋಣ. 210 ಮೆಗಾವ್ಯಾಟ್‌ನ ಒಂದು ಘಟಕ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 3,400 ಟನ್ ಕಲ್ಲಿದ್ದಲು ಸುಡುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪ್ರಮಾಣ ಜಾಸ್ತಿ. ಶೇ 35 ಅಂತ ಹಿಡಿದರೆ ಸುಮಾರು 1,200 ಟನ್ ಬೂದಿ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು, ಅಂದರೆ 950 ಟನ್, ಹೊಗೆಯ ಜೊತೆ ಮೇಲೆ ಹೋಗಲು ನೋಡುತ್ತದೆ. ಇಎಸ್‌ಪಿ ಶೇ 99.9ರಷ್ಟು ಹಿಡಿದರೆ ಹೊರಗೆ ಹೋಗುವುದು ಹೆಚ್ಚುಕಮ್ಮಿ ಒಂದು ಟನ್. ಶೇ 99 ಹಿಡಿದರೆ ಒಂಬತ್ತೂವರೆ ಟನ್! ಹಾಗಾಗಿ "ನಮ್ಮ ಇಎಸ್‌ಪಿ ಶೇ 99 ಕೆಲಸ ಮಾಡುತ್ತಿದೆ" ಅಂತ ಯಾರಾದರೂ ಹೇಳಿದರೆ ತಲೆ ಆಡಿಸಿ ಸುಮ್ಮನಾಗಬೇಡಿ.

ಇನ್ನು ಕೆಳಗೆ ಬಿದ್ದ ಧೂಳಿನ ವಿಚಾರ. ಚಿಮಣಿಯಿಂದ ಬಂದದ್ದೇ ಇರಬೇಕು ಅಂತೇನಿಲ್ಲ. ಕಪ್ಪಗಿದ್ದರೆ ಕಲ್ಲಿದ್ದಲು ಯಾರ್ಡ್ ಅಥವಾ ರೈಲು ವ್ಯಾಗನ್‌ನಿಂದ ಬಂದಿರಬಹುದು. ಬಳ್ಳಾರಿ ಕಡೆ ಕೆಂಪಗಿದ್ದರೆ ಅದಿರಿನ ಧೂಳು. ಬೂದು ಬಣ್ಣದ ನುಣ್ಣನೆ ಪುಡಿ ಹಾರುಬೂದಿ. ಅದು ಕೂಡ ಚಿಮಣಿಯಿಂದ ಬಂದಿರಬಹುದು, ಸ್ಥಾವರದ ಬೂದಿ ಸುರಿಯುವ ಹೊಂಡದಿಂದ ಗಾಳಿಗೆ ಎದ್ದಿರಬಹುದು, ಸಿಮೆಂಟ್ ಕಾರ್ಖಾನೆಗೆ ಬೂದಿ ಒಯ್ಯುವ ಲಾರಿಯಿಂದ ಸೋರಿರಬಹುದು. ಫೆಬ್ರುವರಿಯಿಂದ ಮೇ ತನಕ, ಹೊಂಡದ ಮೇಲ್ಮೈ ಒಣಗಿದಾಗ, ಊರಿನವರು ಪಡುವ ಕಷ್ಟದಲ್ಲಿ ದೊಡ್ಡ ಪಾಲು ಚಿಮಣಿಯದಲ್ಲ, ಹೊಂಡದ್ದು. ಹೊಂಡಕ್ಕೆ ನೀರು ಹಾಕದೆ ಬಿಟ್ಟರೆ ಚಿಮಣಿಯ ಮೀಟರ್ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಗುರುತಿಸಲು ಒಂದು ಉಪಾಯ ಇದೆ. ಧೂಳನ್ನು ಒಂದು ಶುದ್ಧ ಪೇಪರ್ ಪೊಟ್ಟಣದಲ್ಲಿ ಕಟ್ಟಿ ಹತ್ತಿರದ ಕಾಲೇಜಿನ ಮೈಕ್ರೋಸ್ಕೋಪ್ ಕೆಳಗೆ ನೋಡಿ. ಹೊಲದ ಮಣ್ಣಿನ ಕಣ ಮೂಲೆಮೂಲೆಯಾಗಿ, ಒಡೆದ ಕಲ್ಲಿನಂತೆ ಇರುತ್ತದೆ. ಹಾರುಬೂದಿಯ ಕಣಗಳಲ್ಲಿ ಹೆಚ್ಚಿನವು ಗುಂಡಗೆ, ಗಾಜಿನಂತೆ ಮಿರುಗುತ್ತವೆ, ಸಾಬುದಾನಿ ಚೆಲ್ಲಿದ ಹಾಗೆ. ಕುಲುಮೆಯಲ್ಲಿ ಕರಗಿ, ಗಾಳಿಯಲ್ಲೇ ತಣ್ಣಗಾಗಿರುವುದರಿಂದ ಆ ಆಕಾರ. ಇದು ಕೋರ್ಟಿಗೆ ಸಾಕ್ಷಿ ಆಗುವುದಿಲ್ಲ. ಆದರೆ ಎಲ್ಲಿ ಕೈಹಾಕಬೇಕು ಅಂತ ನಿಮಗೆ ಗೊತ್ತಾಗುತ್ತದೆ.

2. ಒಂದು ಡೈರಿ ಶುರು ಮಾಡಿ

ದಿನಾಂಕ, ಗಂಟೆ, ಯಾವ ಚಿಮಣಿ, ಹೊಗೆಯ ಬಣ್ಣ, ಗಾಳಿ ಯಾವ ಕಡೆಯಿಂದ, ಒಂದು ಫೋಟೋ. ಅಷ್ಟೇ ಸಾಕು. ಫೋಟೋದ ಮೇಲೆ ಸಮಯ, ಸ್ಥಳ ಬರುವಂಥ ಕ್ಯಾಮೆರಾ ಆ್ಯಪ್ ಬಳಸಿ. ಪ್ರತಿಸಲ ಒಂದೇ ಜಾಗದಲ್ಲಿ ನಿಂತು ತೆಗೆಯಿರಿ.

ಗಾಳಿಯ ದಿಕ್ಕು ಬಹಳ ಮುಖ್ಯ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ. ಅಂದರೆ ಜುಲೈನಲ್ಲಿ ಬೂದಿ ಬೀಳುವ ಊರು ಬೇರೆ, ಡಿಸೆಂಬರ್‌ನಲ್ಲಿ ಬೀಳುವ ಊರು ಬೇರೆ. ಸ್ಥಾವರದ ಎರಡೂ ಬದಿಯ ಊರಿನವರು ಸೇರಿ ಡೈರಿ ಇಟ್ಟರೆ ಅದಕ್ಕೆ ತೂಕ ಜಾಸ್ತಿ. ಎರಡೂ ಊರಲ್ಲಿ ಒಂದೇ ಅಳತೆಯ ಸ್ಟೀಲ್ ತಟ್ಟೆಯನ್ನು ಒಂದೇ ರಾತ್ರಿ ಮಾಳಿಗೆ ಮೇಲಿಟ್ಟು ಬೆಳಗ್ಗೆ ಫೋಟೋ ತೆಗೆಯಿರಿ. ಸ್ಥಾವರ ದಾಟಿ ಗಾಳಿ ಹೋಗುವ ಕಡೆಯ ತಟ್ಟೆಯಲ್ಲಿ ಬೂದಿ, ಗಾಳಿ ಬರುವ ಕಡೆಯ ತಟ್ಟೆ ಖಾಲಿ! "ಅದು ರಸ್ತೆ ಧೂಳು ರೀ" ಅನ್ನುವ ಮಾತಿಗೆ ಇದಕ್ಕಿಂತ ಸುಲಭದ ಉತ್ತರ ನನಗೆ ಗೊತ್ತಿಲ್ಲ.

ಸಾವಿರಾರು ರೂಪಾಯಿ ಕೊಟ್ಟು ಗಾಳಿಯ ಧೂಳು ಅಳೆಯುವ ಸಣ್ಣ ಸೆನ್ಸರ್ ಕೊಳ್ಳುವವರೂ ಇದ್ದಾರೆ. ಕೊಳ್ಳಿ, ಬೇಡ ಅನ್ನಲ್ಲ. ಆದರೆ ತೇವ ಜಾಸ್ತಿ ಇರುವ ದಿನ ಅವು ಸುಮ್ನೆ ಹೆಚ್ಚು ತೋರಿಸುತ್ತವೆ.

3. ನಿಮ್ಮ ಘಟಕದ ಮಿತಿ ಎಷ್ಟು ಅಂತ ತಿಳಿದುಕೊಳ್ಳಿ

ಎಲ್ಲ ಸ್ಥಾವರಕ್ಕೂ ಒಂದೇ ಮಿತಿ ಇಲ್ಲ. ಒಂದೇ ಸ್ಥಾವರದ ಎರಡು ಘಟಕಗಳಿಗೂ ಬೇರೆಬೇರೆ ಮಿತಿ ಇರಬಹುದು. ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್ 7ರಂದು ಹೊರಡಿಸಿದ ಅಧಿಸೂಚನೆ ಇದರ ಬುನಾದಿ. ಅಳತೆಯ ಮಾನ ಮಿಲಿಗ್ರಾಂ ಪ್ರತಿ ನಾರ್ಮಲ್ ಘನ ಮೀಟರ್. ಅಂದರೆ ಒಂದು ಘನ ಮೀಟರ್ ಹೊಗೆಯಲ್ಲಿ ಎಷ್ಟು ಮಿಲಿಗ್ರಾಂ.

ಘಟಕ ಯಾವಾಗ ಸ್ಥಾಪನೆಯಾಯಿತು ಅನ್ನುವುದರ ಮೇಲೆ ಮೂರು ಗುಂಪು:

- 2003ರ ಕೊನೆಯ ಒಳಗಿನವು: ಧೂಳು 100. ಸಲ್ಫರ್ ಡೈಆಕ್ಸೈಡ್ 600, ಘಟಕ 500 ಮೆಗಾವ್ಯಾಟ್ ಅಥವಾ ಅದಕ್ಕಿಂತ ದೊಡ್ಡದಾದರೆ 200. ನೈಟ್ರೋಜನ್ ಆಕ್ಸೈಡ್‌ಗಳು 600.
- ಅಲ್ಲಿಂದ 2016ರ ಕೊನೆಯ ತನಕದವು: ಧೂಳು 50. ಸಲ್ಫರ್ ಮೇಲಿನಂತೆಯೇ. ನೈಟ್ರೋಜನ್ ಆಕ್ಸೈಡ್ ಮೊದಲು 300 ಇತ್ತು, 2020ರಲ್ಲಿ 450ಕ್ಕೆ ಸಡಿಲಿಸಿದರು.
- 2017ರ ಜನವರಿ 1ರಿಂದ ಈಚಿನವು: ಧೂಳು 30, ಸಲ್ಫರ್ 100, ನೈಟ್ರೋಜನ್ 100.

ಆರ್‌ಟಿಪಿಎಸ್ ನೋಡಿ. ಮೊದಲ ಘಟಕ 1985ರದ್ದು. 210 ಮೆಗಾವ್ಯಾಟ್‌ನ ಏಳು ಘಟಕಗಳೂ ಹಳೆಯ ಗುಂಪಿಗೆ ಬರುತ್ತವೆ, ಧೂಳಿನ ಮಿತಿ 100. 250 ಮೆಗಾವ್ಯಾಟ್‌ನ ಎಂಟನೆಯ ಘಟಕ ಆಮೇಲೆ ಬಂದದ್ದು, ಅದಕ್ಕೆ 50. ಎಂಟನೇ ಘಟಕದಲ್ಲಿ 80 ತೋರಿಸಿದರೆ ಅದು ಉಲ್ಲಂಘನೆ. ಏಳನೆಯದರಲ್ಲಿ 80 ತೋರಿಸಿದರೆ ಅಲ್ಲ. ಘಟಕದ ನಂಬರ್ ಬರೆಯದ ದೂರು ಯಾಕೆ ಬಿದ್ದುಹೋಗುತ್ತದೆ ಅಂತ ಈಗ ಗೊತ್ತಾಯಿತಲ್ವಾ?

2016–17ರ ಆಸುಪಾಸಿನಲ್ಲಿ ಶುರುವಾದ ಘಟಕಗಳ ಬಗ್ಗೆ ಹುಷಾರು. ಪರಿಸರ ಅನುಮತಿ ಸಿಕ್ಕು ಆಗಿನ್ನೂ ಕಟ್ಟುತ್ತಿದ್ದ ಘಟಕಗಳನ್ನೂ 2015ರ ಅಧಿಸೂಚನೆ ಮೂರನೇ ಗುಂಪಿಗೇ ಸೇರಿಸುತ್ತದೆ. ನಿಮ್ಮ ಘಟಕ ಯಾವ ಗುಂಪಿನದು ಅಂತ ನೀವೇ ಊಹಿಸಬೇಡಿ. ಮಂಡಳಿಯನ್ನೇ ಲಿಖಿತವಾಗಿ ಕೇಳಿ. ಆ ಉತ್ತರ ಮುಂದೆ ಕೆಲಸಕ್ಕೆ ಬರುತ್ತದೆ.

4. ಸಲ್ಫರ್ ವಿಚಾರದಲ್ಲಿ ಮೋಸ ಹೋಗಬೇಡಿ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಹಳೆಯ ಲೇಖನಗಳನ್ನು ನೋಡಿ ಬರೆದ ದೂರುಗಳು ಸೋಲುವುದು ಇಲ್ಲೇ.

ಸಲ್ಫರ್ ಡೈಆಕ್ಸೈಡ್ ಹಿಡಿಯಲು ಎಫ್‌ಜಿಡಿ ಅನ್ನುವ ಯಂತ್ರ ಬೇಕು. ಹೊಗೆಯ ಮೇಲೆ ಸುಣ್ಣಕಲ್ಲಿನ ಪುಡಿ ಕಲಸಿದ ನೀರನ್ನು ಸಿಂಪಡಿಸುತ್ತಾರೆ. ಸಲ್ಫರ್ ಅದರಲ್ಲಿ ಸೇರಿ ಕೊನೆಗೆ ಜಿಪ್ಸಮ್ ಆಗುತ್ತದೆ. ಯಂತ್ರಕ್ಕೆ ಖರ್ಚು ಜಾಸ್ತಿ. 2015ರ ಅಧಿಸೂಚನೆ ಕೊಟ್ಟದ್ದು ಎರಡು ವರ್ಷ. 2017 ಬಂತು, ಹೋಯಿತು. ಗಡುವು 2022ಕ್ಕೆ ಹೋಯಿತು. 2021ರಲ್ಲಿ ಸ್ಥಾವರಗಳನ್ನು ಎ, ಬಿ, ಸಿ ಅಂತ ಮೂರು ವರ್ಗ ಮಾಡಿದರು. ದೆಹಲಿ ಸುತ್ತಲಿನ ರಾಜಧಾನಿ ಪ್ರದೇಶದಿಂದ ಅಥವಾ ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರದಿಂದ 10 ಕಿ.ಮೀ. ಒಳಗೆ ಇದ್ದರೆ ಎ. ಮಾಲಿನ್ಯ ವಿಪರೀತ ಇರುವ ಪ್ರದೇಶ ಅಥವಾ ಗಾಳಿ ಗುಣಮಟ್ಟದಲ್ಲಿ ಹಿಂದೆ ಬಿದ್ದ ನಗರದ 10 ಕಿ.ಮೀ. ಒಳಗಿದ್ದರೆ ಬಿ. ಉಳಿದದ್ದೆಲ್ಲ ಸಿ. ಆಮೇಲೆ 2022ರಲ್ಲಿ ಒಂದು ಸಲ, 2024ರ ಕೊನೆಯಲ್ಲಿ ಮತ್ತೊಂದು ಸಲ ಗಡುವು ಮುಂದಕ್ಕೆ.

ಕೊನೆಗೆ 2025ರ ಜುಲೈ 11ರ ಅಧಿಸೂಚನೆ ಸಿ ವರ್ಗಕ್ಕೆ ಸಲ್ಫರ್ ಮಿತಿಯನ್ನೇ ತೆಗೆದುಹಾಕಿತು. ಷರತ್ತು ಒಂದೇ, ಚಿಮಣಿಯ ಎತ್ತರ ನಿಯಮದ ಪ್ರಕಾರ ಇರಬೇಕು. ಬಿ ವರ್ಗಕ್ಕೆ ಒಂದೊಂದನ್ನೇ ನೋಡಿ ತೀರ್ಮಾನ. ಎ ವರ್ಗಕ್ಕೆ 2027ರ ಕೊನೆಯ ತನಕ ಸಮಯ. ದೇಶದ ಮುಕ್ಕಾಲಿಗಿಂತ ಹೆಚ್ಚು ಘಟಕಗಳು ಇರುವುದೇ ಸಿ ವರ್ಗದಲ್ಲಿ.

ನಮ್ಮ ಕಲ್ಲಿದ್ದಲಿನಲ್ಲಿ ಸಲ್ಫರ್ ಕಡಿಮೆ, ಯಂತ್ರ ಓಡಿಸಲು ಮತ್ತೆ ಕರೆಂಟ್ ಬೇಕು, ದರ ಏರುತ್ತದೆ ಅನ್ನುವುದು ಸರ್ಕಾರದ ಕಡೆಯ ವಾದ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಎತ್ತರದ ಚಿಮಣಿ ಸಲ್ಫರನ್ನು ಕಮ್ಮಿ ಮಾಡುವುದಿಲ್ಲ, ದೂರ ಕಳಿಸುತ್ತದೆ ಅಷ್ಟೇ. ದಾರಿಯಲ್ಲಿ ಅದು ಸಲ್ಫೇಟ್ ಆಗಿ, ಪಿಎಂ 2.5 ಅನ್ನುವ ಸಣ್ಣ ಕಣವಾಗಿ, ನೂರಾರು ಕಿ.ಮೀ. ಆಚೆ ಇಳಿಯುತ್ತದೆ. ಹತ್ತು ಕಿ.ಮೀ. ಗೆರೆ ಎಳೆದರೆ ಅದು ಗೆರೆ ನೋಡಿ ನಿಲ್ಲುತ್ತಾ?

ಅದಿರಲಿ, ನಿಮ್ಮ ಕೆಲಸಕ್ಕೆ ಬೇಕಾದದ್ದು ಇಷ್ಟು. ಸ್ಥಾವರ ಸಿ ವರ್ಗದ್ದಾದರೆ "ಎಫ್‌ಜಿಡಿ ಹಾಕಿಲ್ಲ" ಅನ್ನುವುದನ್ನೇ ದೂರಿನ ಮೊದಲ ಅಂಶ ಮಾಡಬೇಡಿ. ಧೂಳು ಮತ್ತು ನೈಟ್ರೋಜನ್ ಆಕ್ಸೈಡ್‌ನ ಮಿತಿ ಎಲ್ಲರಿಗೂ ಇದೆ. ಅದನ್ನು ಹಿಡಿಯಿರಿ. ಸಲ್ಫರ್ ಬಗ್ಗೆ ಎರಡು ಬಾಗಿಲು ಇನ್ನೂ ತೆರೆದಿವೆ. ಸ್ಥಾವರದ ಪರಿಸರ ಅನುಮತಿ ಪತ್ರದಲ್ಲೇ ಎಫ್‌ಜಿಡಿ ಅಥವಾ ಸಲ್ಫರ್ ಬಗ್ಗೆ ಬೇರೆ ಷರತ್ತು ಇದೆಯೇ ನೋಡಿ. ಊರಿನ ಗಾಳಿಗೆ 2009ರ ರಾಷ್ಟ್ರೀಯ ಮಾನದಂಡ ಹಾಗೇ ಇದೆ: ಸಲ್ಫರ್ ಡೈಆಕ್ಸೈಡ್ ದಿನದ ಸರಾಸರಿ ಘನ ಮೀಟರ್‌ಗೆ 80 ಮೈಕ್ರೋಗ್ರಾಂ ದಾಟಬಾರದು. ಪಿಎಂ 10ಕ್ಕೆ 100, ಪಿಎಂ 2.5ಕ್ಕೆ 60.

5. ಕಾಗದ ಕೂಡಿಹಾಕಿ

ಮೂರು ದಾಖಲೆ ಸಾಕು. ಮೊದಲನೆಯದು ಪರಿಸರ ಅನುಮತಿ ಪತ್ರ. ಕೇಂದ್ರದ 'ಪರಿವೇಶ್' ಪೋರ್ಟಲ್‌ನಲ್ಲಿ ಸ್ಥಾವರದ ಹೆಸರು ಹಾಕಿ ಹುಡುಕಿ. ಎರಡನೆಯದು ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಕಂಪನಿ ಸಲ್ಲಿಸಬೇಕಾದ ಪಾಲನಾ ವರದಿ. ಇದನ್ನು ಕಂಪನಿ ತನ್ನ ವೆಬ್‌ಸೈಟ್‌ನಲ್ಲಿ ಹಾಕಿರಬೇಕು. ಮೂರನೆಯದು ಸ್ಥಾವರ ಓಡಿಸಲು ಮಂಡಳಿ ಕೊಟ್ಟ ಸಮ್ಮತಿ ಪತ್ರ. ಕಚೇರಿಯಲ್ಲಿ ಎಲ್ಲರೂ 'ಸಿಎಫ್‌ಒ' ಅನ್ನುತ್ತಾರೆ, ನೀವೂ ಹಾಗೇ ಕೇಳಿ.

ಸಮ್ಮತಿ ಪತ್ರ ನೋಡಲು ಮಾಹಿತಿ ಹಕ್ಕಿನ ಅರ್ಜಿಯೇ ಬೇಕಾಗಿಲ್ಲ. 1981ರ ವಾಯು ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ ಯಾರಿಗೆ ಸಮ್ಮತಿ ಕೊಟ್ಟಿದೆ, ಯಾವ ಮಿತಿ ಹಾಕಿದೆ ಅನ್ನುವ ರಿಜಿಸ್ಟರನ್ನು ಮಂಡಳಿ ಇಟ್ಟಿರಬೇಕು. ತೊಂದರೆಗೆ ಒಳಗಾದವರು ಕಚೇರಿ ಸಮಯದಲ್ಲಿ ಬಂದು ಅದನ್ನು ನೋಡಬಹುದು. ಈ ಸೆಕ್ಷನ್ ಕೆಲವು ಸಿಬ್ಬಂದಿಗೂ ನೆನಪಿರುವುದಿಲ್ಲ. ಪ್ರಿಂಟ್ ತೆಗೆದು ಜೇಬಲ್ಲಿ ಇಟ್ಟುಕೊಂಡು ಹೋಗಿ. ದನಿ ಏರಿಸುವ ಅಗತ್ಯವೇ ಬರುವುದಿಲ್ಲ.

6. ಮೀಟರ್‌ನ ಅಂಕಿ ಕೇಳಿ

ಚಿಮಣಿಯಲ್ಲಿ ಆನ್‌ಲೈನ್ ಮೀಟರ್ ಇರಲೇಬೇಕು. ಅತಿ ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಕೈಗಾರಿಕೆಗಳಿಗೆ ಕೇಂದ್ರ ಮಂಡಳಿ 2014ರಲ್ಲೇ ಇದನ್ನು ಕಡ್ಡಾಯ ಮಾಡಿತು. ಥರ್ಮಲ್ ಅದರಲ್ಲಿ ಒಂದು. ಅಂಕಿ 15 ನಿಮಿಷಕ್ಕೊಮ್ಮೆ ಮಂಡಳಿಯ ಸರ್ವರ್‌ಗೆ ಹೋಗುತ್ತದೆ. ನಿಮಗೆ ಬೇಕಾದ ಚಿನ್ನದ ಗಣಿ ಅದೇ.

ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಹಾಗಾಗಿ ಕಥೆ ಬೇಡ. ಹೀಗೆ ಬರೆಯಿರಿ:

"ತಮ್ಮ ವ್ಯಾಪ್ತಿಯ ______ ವಿದ್ಯುತ್ ಸ್ಥಾವರದ ಘಟಕ ಸಂಖ್ಯೆ __ ರ ಚಿಮಣಿಯ ಆನ್‌ಲೈನ್ ಮಾಪನದ (ಧೂಳು, ಸಲ್ಫರ್ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡ್) 15 ನಿಮಿಷದ ಸರಾಸರಿ ಅಂಕಿಗಳನ್ನು ______ ರಿಂದ ______ ವರೆಗೆ ಎಕ್ಸೆಲ್ ರೂಪದಲ್ಲಿ ಒದಗಿಸುವುದು. ಇದೇ ಅವಧಿಯಲ್ಲಿ ಮಿತಿ ಮೀರಿದ್ದಕ್ಕೆ ಮಂಡಳಿ ನೀಡಿದ ನೋಟಿಸ್‌ಗಳ ಪ್ರತಿ ಒದಗಿಸುವುದು."

ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದ ಒಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದ ಒಳಗೆ ಮಾಹಿತಿ ಆಯೋಗಕ್ಕೆ.

ಯಾರಿಗೆ ಅರ್ಜಿ ಹಾಕಬೇಕು ಅನ್ನುವುದರಲ್ಲಿ ಗೊಂದಲ ಬೇಡ. ಆರ್‌ಟಿಪಿಎಸ್, ಬಿಟಿಪಿಎಸ್ ರಾಜ್ಯ ಸರ್ಕಾರದ ವಿದ್ಯುತ್ ಕಂಪನಿ ಕೆಪಿಸಿಎಲ್‌ನವು. ಹಾಗಾಗಿ ಮಂಡಳಿಗೂ ಹಾಕಬಹುದು, ನೇರವಾಗಿ ಕೆಪಿಸಿಎಲ್‌ಗೂ ಹಾಕಬಹುದು. ಕೆಪಿಸಿಎಲ್‌ಗೆ ಹಾಕುವುದಾದರೆ ಇಎಸ್‌ಪಿಯ ಯಾವ ಫೀಲ್ಡ್ ಯಾವ ದಿನ ಟ್ರಿಪ್ ಆಗಿತ್ತು ಅನ್ನುವ ಲಾಗ್ ಬುಕ್ಕಿನ ಪ್ರತಿ ಕೇಳಿ. ಕೂಡಗಿ ಎನ್‌ಟಿಪಿಸಿಗೆ ಕೇಂದ್ರದ ಆನ್‌ಲೈನ್ ಪೋರ್ಟಲ್. ಖಾಸಗಿ ಸ್ಥಾವರಕ್ಕೆ ನೇರವಾಗಿ ಅರ್ಜಿ ಹಾಕಲು ಬರುವುದಿಲ್ಲ. ಅವರು ಮಂಡಳಿಗೆ ಕೊಟ್ಟ ಕಾಗದವನ್ನು ಮಂಡಳಿಯಿಂದ ಕೇಳಬೇಕು.

7. ಅಂಕಿಯನ್ನು ಓದುವ ಬಗೆ

ಎಕ್ಸೆಲ್ ಕೈಗೆ ಬಂದ ಮೇಲೆ ಹೆಚ್ಚಿನವರು ಮಿತಿ ಮೀರಿದ ಸಾಲುಗಳನ್ನಷ್ಟೇ ಹುಡುಕುತ್ತಾರೆ. ನನ್ನ ಪ್ರಕಾರ ಅದು ಎರಡನೇ ಕೆಲಸ. ಮೊದಲು ಅಂಕಿ ನಿಜವೇ ಅಂತ ನೋಡಿ.

ವಿದ್ಯುತ್ ಉತ್ಪಾದನೆಯ ಲೆಕ್ಕ ಗುಟ್ಟಿನದಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ ಯಾವ ಘಟಕ ಎಷ್ಟು ಉತ್ಪಾದಿಸಿತು, ಯಾವುದು ನಿಂತಿತ್ತು ಅಂತ ದಿನದಿನದ ವರದಿ ಹಾಕುತ್ತದೆ. ಕೆಪಿಟಿಸಿಎಲ್‌ನ ಲೋಡ್ ಡಿಸ್ಪ್ಯಾಚ್ ಸೆಂಟರ್ ಪುಟದಲ್ಲೂ ರಾಜ್ಯದ ಸ್ಥಾವರಗಳ ಉತ್ಪಾದನೆ ಕಾಣುತ್ತದೆ. ಅದನ್ನು ಚಿಮಣಿಯ ಅಂಕಿಯ ಪಕ್ಕ ಇಡಿ. ಘಟಕ ನಿಂತ ದಿನವೂ ಧೂಳು 42 ಅಂತ ಬರುತ್ತಿದ್ದರೆ ಮೀಟರ್ ಅಳೆಯುತ್ತಿರುವುದು ಏನನ್ನು? ಉತ್ಪಾದನೆ ಅರ್ಧಕ್ಕೆ ಇಳಿದಾಗಲೂ, ಪೂರ್ತಿ ಇದ್ದಾಗಲೂ ಅಂಕಿ ಅಲ್ಲಾಡದೆ 47, 48, 47 ಅಂತ ನಿಂತಿದ್ದರೆ, ಮಿತಿ 50 ಇರುವ ಘಟಕದಲ್ಲಿ, ಅದೂ ಅನುಮಾನಕ್ಕೆ ಕಾರಣವೇ. ನಿಜವಾದ ಹೊಗೆ ಏರಿಳಿಯುತ್ತದೆ. ಡೈರಿಯಲ್ಲಿ "ರಾತ್ರಿ ದಟ್ಟ ಹೊಗೆ" ಅಂತ ಬರೆದ ಹೊತ್ತಿಗೆ ಡೇಟಾ ಬಂದೇ ಇಲ್ಲ ಅಂದರೆ ಆ ಖಾಲಿ ಸಾಲುಗಳನ್ನು ಎಣಿಸಿ ಬರೆದಿಡಿ.

ಆಮ್ಲಜನಕದ ಕಾಲಂ ಇದ್ದರೆ ಅದನ್ನೂ ನೋಡಿ. ಕಲ್ಲಿದ್ದಲಿನ ಹೊಗೆಯ ಅಂಕಿಯನ್ನು ಶೇ 6 ಆಮ್ಲಜನಕಕ್ಕೆ ಹೊಂದಿಸಿ ಹೇಳಬೇಕು. ಹೊರಗಿನ ಗಾಳಿ ಬೆರೆತು ಹೊಗೆ ತೆಳ್ಳಗಾದರೆ ಧೂಳು ಕಮ್ಮಿ ಕಾಣುತ್ತದೆ. ಹಾಗಾಗದಿರಲಿ ಅಂತಲೇ ಈ ನಿಯಮ. ಲೆಕ್ಕ ನಿಮಗೆ ಬರದಿದ್ದರೆ ಹತ್ತಿರದ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರನ್ನು ಕೇಳಿ.

8. ಈಗ ದೂರು ಬರೆಯಿರಿ

ಒಂದು ಪುಟ. ಮಂಡಳಿಯ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಗೆ. ಪ್ರತಿ ಜಿಲ್ಲಾಧಿಕಾರಿಗೆ, ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿರುವ ಮಂಡಳಿಯ ಮುಖ್ಯ ಕಚೇರಿಗೆ, ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಕೇಂದ್ರ ಪರಿಸರ ಸಚಿವಾಲಯದ ಪ್ರಾದೇಶಿಕ ಕಚೇರಿಗೆ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಪರಿಸರ ಅನುಮತಿಯ ಷರತ್ತು ಮುರಿದಿದ್ದರೆ ನೋಡಬೇಕಾದವರು ಅವರೇ.

ಒಳಗಿನ ಮಾತು ಈ ರೀತಿ ಇರಲಿ:

"ಮಾನ್ಯರೇ, ______ ಸ್ಥಾವರದ ಘಟಕ __ ಕ್ಕೆ ಧೂಳಿನ ಮಿತಿ 50 ಎಂದು ಸಮ್ಮತಿ ಪತ್ರ ಸಂಖ್ಯೆ ______ ರಲ್ಲಿದೆ. ತಮ್ಮ ಕಚೇರಿಯೇ ಒದಗಿಸಿದ ಆನ್‌ಲೈನ್ ದತ್ತಾಂಶದಂತೆ ______ ರಂದು ರಾತ್ರಿ __ ರಿಂದ __ ಗಂಟೆವರೆಗೆ ಅದು __ ಇತ್ತು (ಪ್ರತಿ ಲಗತ್ತು). ಅದೇ ಹೊತ್ತಿನ ಚಿತ್ರಗಳು ಲಗತ್ತು. ವಾಯು ಕಾಯ್ದೆ ಸೆಕ್ಷನ್ 24ರಡಿ ತಪಾಸಣೆ ಮತ್ತು ಸೆಕ್ಷನ್ 26ರಡಿ ಮಾದರಿ ಸಂಗ್ರಹ ನಡೆಸಿ, ಮಹಜರಿನ ಪ್ರತಿಯನ್ನು ನಮಗೆ ನೀಡುವುದು. ಸೆಕ್ಷನ್ 31ಎ ಅಡಿ ನಿರ್ದೇಶನ ನೀಡುವುದು."

ಕಚೇರಿಯ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ "ನೋಡ್ತೀವಿ ಸಾರ್" ಅನ್ನುವ ಉತ್ತರ ಬಂದರೆ ಅದು ದೂರಲ್ಲ.

ಬೂದಿ ಹೊಂಡ, ಲಾರಿ ಬಗ್ಗೆ ಬೇರೆಯೇ ದೂರು ಕೊಡಿ, ಚಿಮಣಿಯ ಜೊತೆ ಕಲಸಬೇಡಿ. ಅದಕ್ಕೆ 2021ರ ಡಿಸೆಂಬರ್ 31ರ ಹಾರುಬೂದಿ ಅಧಿಸೂಚನೆ ಇದೆ. ಬೂದಿಯನ್ನು ಪೂರ್ತಿ ಬಳಸಬೇಕು, ಇಲ್ಲದಿದ್ದರೆ ಟನ್‌ಗೆ 1,000 ರೂಪಾಯಿ ಪರಿಹಾರ ಕಟ್ಟಬೇಕು ಅಂತ ಅದರಲ್ಲಿದೆ. ಗ್ರಾಮಸಭೆಯ ಠರಾವು ಇದ್ದರೆ ಲಗತ್ತಿಸಿ.

9. ದಂಡ, ಮತ್ತು ಅದರ ಆಚೆ

2024ರ ಏಪ್ರಿಲ್ 1ರಿಂದ ವಾಯು ಕಾಯ್ದೆಯ ಹೆಚ್ಚಿನ ಉಲ್ಲಂಘನೆಗಳಿಗೆ ಜೈಲು ಹೋಗಿ ದಂಡ ಬಂದಿದೆ, 10,000ದಿಂದ 15 ಲಕ್ಷ ರೂಪಾಯಿ ತನಕ. ಇದಲ್ಲದೆ ಮಂಡಳಿ ಪರಿಸರ ಪರಿಹಾರವನ್ನೂ ಹಾಕಬಹುದು. ಮಂಡಳಿಗೆ ಆ ಅಧಿಕಾರ ಇದೆ ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಸ್ಪಷ್ಟ ಮಾಡಿದೆ. "ನಮ್ಮ ಕೈಲಿ ಏನೂ ಇಲ್ಲ" ಅಂತ ಇನ್ನು ಹೇಳುವಂತಿಲ್ಲ.

ಎಷ್ಟು ಪರಿಹಾರ? ಕೇಂದ್ರ ಮಂಡಳಿಯ ಸೂತ್ರದಲ್ಲಿ ಸಾಮಾನ್ಯವಾಗಿ ಬಳಸುವ ಅಂಕಿ ಹಾಕಿದರೆ (ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗಕ್ಕೆ 80, ದರ 250, ದೊಡ್ಡ ಕೈಗಾರಿಕೆಗೆ 1.5, ಮೂರನ್ನೂ ಗುಣಿಸಿ) ಊರಾಚೆಯ ಸ್ಥಾವರಕ್ಕೆ ದಿನಕ್ಕೆ 30,000 ರೂಪಾಯಿ ಬರುತ್ತದೆ. 500 ಮೆಗಾವ್ಯಾಟ್ ಘಟಕ ಪೂರ್ತಿ ಓಡಿದರೆ ಒಂದು ದಿನಕ್ಕೆ 1.2 ಕೋಟಿ ಯೂನಿಟ್. ಅದರ ಮುಂದೆ ಈ 30,000 ಯಾವ ಲೆಕ್ಕ! ಸಲ್ಫರ್ ಗಡುವು ತಪ್ಪಿಸಿದವರಿಗೆ 2022ರಲ್ಲಿ ಯೂನಿಟ್‌ಗೆ 20 ಪೈಸೆಯಿಂದ ಶುರುವಾಗುವ ದಂಡ ಇಟ್ಟಿದ್ದರು. ಆ ಲೆಕ್ಕದಲ್ಲಿ ಇದೇ ಘಟಕಕ್ಕೆ ದಿನಕ್ಕೆ 24 ಲಕ್ಷ. ಅದು ನಿಜಕ್ಕೂ ನೋಯುವ ದಂಡ. ಆದರೆ ಗಡುವೇ ಮುಂದೆ ಮುಂದೆ ಹೋದರೆ ದಂಡ ಯಾರಿಗೆ?

ಹಾಗಾಗಿ ದಂಡ ಹಾಕಿಸುವುದಕ್ಕಿಂತ ದುರಸ್ತಿ ಮಾಡಿಸುವುದನ್ನು ಕೇಳಿ. ಯಾವ ಫೀಲ್ಡ್ ಯಾವ ದಿನದ ಒಳಗೆ ಸರಿಯಾಗಬೇಕು, ಅಲ್ಲಿಯ ತನಕ ಘಟಕ ಎಷ್ಟು ಲೋಡ್‌ನಲ್ಲಿ ಓಡಬೇಕು ಅಂತ ಮಂಡಳಿ ನಿರ್ದೇಶನದಲ್ಲಿ ಬರೆಯಲಿ ಅಂತ ಒತ್ತಾಯಿಸಿ.

10. ಮಂಡಳಿ ಕದಲದಿದ್ದರೆ

ಹಸಿರು ನ್ಯಾಯಮಂಡಳಿ, ಅಂದರೆ ಎನ್‌ಜಿಟಿ. ನಮಗೆ ದಕ್ಷಿಣ ಪೀಠ, ಚೆನ್ನೈ. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಪರಿಹಾರ ಕೇಳಿದರೆ ಕೇಳಿದ ಮೊತ್ತದ ಶೇ 1. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ.

ಸಮಯದ ಲೆಕ್ಕ ತಪ್ಪಬೇಡಿ. ತಕರಾರು ಹುಟ್ಟಿದ ದಿನದಿಂದ ಆರು ತಿಂಗಳ ಒಳಗೆ ಹೋಗಬೇಕು. ಸಕಾರಣ ಇದ್ದರೆ ಇನ್ನೂ 60 ದಿನ ಸಿಗುತ್ತದೆ. ಬೆಳೆ, ಆಸ್ತಿ ಹಾನಿಗೆ ಪರಿಹಾರ ಕೇಳಲು ಐದು ವರ್ಷ ಇದೆ. ಮಂಡಳಿಯ ಹಿಂಬರಹ ಬರಲಿ ಅಂತ ವರ್ಷಗಟ್ಟಲೆ ಕಾಯುತ್ತ ಕೂತವರು ಈ ಆರು ತಿಂಗಳನ್ನು ಕಳೆದುಕೊಳ್ಳುತ್ತಾರೆ.

ಎಲ್ಲೂರು, ನಂದಿಕೂರು ಸುತ್ತಲಿನ ಜನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಈ ದಾರಿಯಲ್ಲಿ ನಡೆದರು. 2022ರಲ್ಲಿ ಎನ್‌ಜಿಟಿ ದಕ್ಷಿಣ ಪೀಠ ಉಡುಪಿ ಸ್ಥಾವರಕ್ಕೆ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಆ ಸ್ಥಾವರದಲ್ಲಿ ಎಫ್‌ಜಿಡಿ ಇತ್ತು ಅನ್ನುವುದನ್ನು ಗಮನಿಸಿ. ಯಂತ್ರ ಇದ್ದ ಮಾತ್ರಕ್ಕೆ ಎಲ್ಲ ಸರಿಯಾಗಿದೆ ಅಂತಲ್ಲ.

ಎನ್‌ಜಿಟಿ ಸಾಮಾನ್ಯವಾಗಿ ಮೊದಲು ಜಂಟಿ ಸಮಿತಿ ಮಾಡಿ ವರದಿ ಕೇಳುತ್ತದೆ. ಸಮಿತಿ ಬರುವ ದಿನ ಸ್ಥಾವರಕ್ಕೆ ಮೊದಲೇ ಗೊತ್ತಿರುತ್ತದೆ. ಆ ದಿನ ಹೊಂಡಕ್ಕೆ ನೀರು ಬಿದ್ದಿರುತ್ತದೆ, ಲಾರಿಗಳಿಗೆ ಟಾರ್ಪಾಲು ಇರುತ್ತದೆ, ಚಿಮಣಿಯಲ್ಲಿ ಹೊಗೆಯೇ ಕಾಣುವುದಿಲ್ಲ. ಅದಕ್ಕೇ ಅರ್ಜಿಯಲ್ಲೇ ಎರಡು ಮಾತು ಸೇರಿಸಿ. ಸಮಿತಿ ಭೇಟಿಯ ದಿನದ ಅಳತೆಯನ್ನಷ್ಟೇ ಅಲ್ಲ, ಹಿಂದಿನ ಆರು ತಿಂಗಳ 15 ನಿಮಿಷದ ಅಂಕಿಯನ್ನು ಉತ್ಪಾದನೆಯ ಅಂಕಿಯ ಜೊತೆ ಹೋಲಿಸಿ ವರದಿ ಕೊಡಲಿ. ಭೇಟಿಯ ವೇಳೆ ಅರ್ಜಿದಾರರೂ ಹಾಜರಿರಲು ಅವಕಾಶ ಕೊಡಲಿ. ಆ ದಿನ ಡೈರಿ, ತಟ್ಟೆಯ ಫೋಟೋ, ಬೂದಿಯ ಪೊಟ್ಟಣ ಮೂರನ್ನೂ ತೆಗೆದುಕೊಂಡು ಹೋಗಿ. ಕೊಟ್ಟದ್ದಕ್ಕೆಲ್ಲ ಮಹಜರಿನಲ್ಲಿ ಸಹಿ ಮಾಡಿಸಿಕೊಳ್ಳಿ.